ಹೊಲಿಗೆ ಬಿಟ್ಟ ರಾಕ್ಷಸ

ನಿನ್ನೆ ಮಧ್ಯಾಹ್ನ ಮಗಳು ಮಾಳಿಗೆಯ ಮೇಲೆ ಹಳೆಯ ಗಾದಿಯನ್ನು ಬಿಸಿಲಿಗೆ ಹಾಕಿದ್ದಳು. ಮೂಲೆಯಲ್ಲಿ ಹೊಲಿಗೆ ಬಿಟ್ಟು ಹತ್ತಿ ಇಣುಕುತ್ತಿತ್ತು. ಬಿಸಿಲಿಗೆ ಕಾದ ಆ ಹತ್ತಿಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ನಗಬೇಡಿ. ಗಾದಿ ಕಂಡು ಬೆಚ್ಚುವ ಮುದುಕ ಲೋಕದಲ್ಲಿ ನಾನೊಬ್ಬನೇ ಇರಬಹುದು. ಆದರೆ ಅಂದು ಹರಿಹರದ ಟಾಕೀಸಿನಲ್ಲಿ ನನ್ನ ಪಕ್ಕ ಕೂತಿದ್ದರೆ ನೀವೂ ಬೆಚ್ಚುತ್ತಿದ್ದಿರಿ.

ಅರವತ್ತರ ದಶಕದ ಮಾತು. ನಾನು ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಗುಮಾಸ್ತ. ಊರಿಗೆ ಒಂದು ಇಂಗ್ಲಿಷ್ ಚಿತ್ರ ಬಂದಿತ್ತು. ಸಮುದ್ರದಿಂದ ಎದ್ದ ಪ್ರಾಣಿಯೊಂದು ಹಡಗನ್ನು ಹಪ್ಪಳದ ಹಾಗೆ ಮುರಿಯುತ್ತಿತ್ತು. ಮಾತು ಒಂದೂ ತಿಳಿಯದಿದ್ದರೂ ಜನ ಮುಗಿಬಿದ್ದರು. ಅದು ಊರು ಬಿಟ್ಟು ಕೆಲವೇ ತಿಂಗಳಿಗೆ ಅದರ ಬಡ ತಮ್ಮನೊಬ್ಬ ಹರಿಹರಕ್ಕೆ ಬಂದಿಳಿದ. ಅದನ್ನೇ ನಕಲು ಮಾಡಿ ಮದರಾಸಿನಲ್ಲಿ ತೆಗೆದ ಚಿತ್ರವಂತೆ. ಪೋಸ್ಟರಿನಲ್ಲಿ ಅದೇ ಬಾಯಿ, ಅದೇ ಉಗುರು. ಹಡಗಿನ ಜಾಗದಲ್ಲಿ ಮಾತ್ರ ಎತ್ತಿನ ಗಾಡಿ. ಮದರಾಸಿನವರಿಗೆ ಸಮುದ್ರ ಯಾಕೆ ಸಿಗಲಿಲ್ಲವೋ ಕಾಣೆ, ಈ ಪ್ರಾಣಿ ಕೆರೆಯಿಂದ ಎದ್ದು ಬರುತ್ತಿತ್ತು.

ನನ್ನ ಹೆಂಡತಿ ಗಿರಿಜೆಗೆ ಆಗ ಏಳು ತಿಂಗಳು. ಮೊದಲ ಕೂಸು ಹೊಟ್ಟೆಯಲ್ಲೇ ಒಂದು ದಿನ ಅಲ್ಲಾಟ ನಿಲ್ಲಿಸಿ, ಉಸಿರಿಲ್ಲದೆ ಹುಟ್ಟಿತ್ತು. ಈ ಸಲ ನಮ್ಮವ್ವ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಅಂಥದ್ದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಗಿರಿಜೆ ನನ್ನನ್ನು ಕೋಣೆಗೆ ಕರೆದು, "ಹರಿಹರದಾಗಿನ ಆ ರಾಕ್ಷಸನ ಸಿನಿಮಾ ನೋಡಬೇಕು ರೀ. ಇವತ್ತೇ" ಅಂದಳು.

"ಬಸುರಿ ಹೆಂಗಸು ಅಂಥದ್ದೆಲ್ಲ ನೋಡಬಾರದು."

"ಬಯಕೆ ಅಂದ್ರೆ ಬಯಕೆ. ತೀರಿಸಲ್ಲ ಅಂತೀರೇನು?"

ಬಸುರಿಯನ್ನು ಹೆದರಿಸಬಾರದು, ಬಸುರಿಯ ಬಯಕೆಗೆ ಇಲ್ಲವೆನ್ನಬಾರದು. ಎರಡೂ ನಮ್ಮ ಮನೆಯ ಕಟ್ಟಳೆಗಳೇ. ಹುಣಸೆಕಾಯಿ ಕೇಳಿದ್ದರೆ ಮರವನ್ನೇ ತರುತ್ತಿದ್ದೆ. ಕೊನೆಗೆ ಅವ್ವನಿಗೆ ಹರಿಹರೇಶ್ವರನ ಗುಡಿಗೆಂದು ಸುಳ್ಳು ಹೇಳಿದೆ. "ಬಸ್ಸಿನಾಗ ಮುಂದಿನ ಸೀಟಿಗೆ ಕೂಡ್ರಿಸು, ಕುಲುಕಾಡಿಸಬ್ಯಾಡ" ಎಂದು ಅವಳು ಬಾಗಿಲವರೆಗೂ ಬಂದಳು.

ಬಸ್ಸಿನಲ್ಲಿ ಗಿರಿಜೆ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಕೈ ಮಾತ್ರ ಹೊಟ್ಟೆಯ ಮೇಲಿತ್ತು. ಟಾಕೀಸಿನಲ್ಲಿ ಪರದೆಯನ್ನು ರೆಪ್ಪೆ ಬಡಿಯದೆ ನೋಡುತ್ತ ಕೂತಳು. ನಗಾರಿ ಮೊಳಗಿದಾಗಲೆಲ್ಲ ಅವಳ ಉಗುರು ನನ್ನ ಮುಂಗೈಗೆ ನೆಡುತ್ತಿತ್ತು. ಕೆರೆಯ ನೀರು ಕುದಿಯಿತು, ತಲೆ ಎದ್ದಿತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಧೈರ್ಯಸ್ಥನಾದ ನಾನು ನನ್ನ ಚಪ್ಪಲಿಗಳನ್ನು ನೋಡಿಕೊಂಡೆ. ಗಿರಿಜೆಯ ಹಣೆಯ ಮೇಲೆ ಬೆವರು.

"ಸಾಕು, ಏಳು ಹೋಗೋಣ."

"ಕೂಡ್ರಿ. ಇನ್ನೂ ಹತ್ರ ಬರ್ಲಿ."

ಇದೆಂಥ ಬಯಕೆ? ನನಗೆ ಪರದೆಯ ಮೇಲಿನದ್ದಕ್ಕಿಂತ ಪಕ್ಕದಲ್ಲಿದ್ದವಳ ಭಯವೇ ಹೆಚ್ಚಾಯಿತು. ಪ್ರಾಣಿ ನಾಯಕಿಯನ್ನು ಎತ್ತಲು ಎರಡೂ ಕೈ ಚಾಚಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಗಿರಿಜೆ ಮುಂದಕ್ಕೆ ಮಡಚಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ನಡುಗುತ್ತಿದ್ದಳು.

"ದಾರಿ ಬಿಡ್ರೀ! ಹೆಂಗಸಿಗೆ ನೋವು ಬಂದೈತೆ!" ಎಂದು ಚೀರಿದೆ. ಸಾಲಿಗೆ ಸಾಲೇ ಎದ್ದು ನಿಂತಿತು. ಯಾರೋ ಬಾಗಿಲು ತೆಗೆದರು, ಇನ್ನಾರೋ ಜಟಕಾ ಕರೆಯಲು ಓಡಿದರು. ಏಳು ತಿಂಗಳಿಗೇ ನೋವು. ನಾನೇ ಕರೆತಂದು ಎರಡನೆಯದನ್ನೂ ಕಳೆದೆನಲ್ಲ ಎಂದು ಅಳು ಬಂತು.

ಹೊರಗಿನ ಕಟ್ಟೆಯ ಮೇಲೆ ಕೂತ ಗಿರಿಜೆಯ ಕಣ್ಣಲ್ಲೂ ನೀರು. ಆ ಪ್ರಾಣಿಯ ಹಾಗೆ ಕೈ ಚಾಚಿ ತನ್ನ ಕಂಕುಳು ತೋರಿಸಿದಳು. "ಹೊಲಿಗೆ ಬಿಟ್ಟಿತ್ತು ರೀ! ಹತ್ತಿ ಹೊರಗ ಬಂತು! ಗಾದಿ ರೀ ಅದು, ಗಾದಿ!"

ನಗು ಅದು. ತವರಿನಲ್ಲಿ ಚಿಕ್ಕಂದಿನಿಂದ ಗಾದಿ ಹೊಲಿದವಳು. ಊರೆಲ್ಲ ಹಲ್ಲು, ಉಗುರು ನೋಡಿ ನಡುಗುವಾಗ ಇವಳ ಕಣ್ಣು ಹೋಗಿದ್ದು ರಾಕ್ಷಸನ ವೇಷದ ಹೊಲಿಗೆಯ ಮೇಲೆ. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಅವಳು ಅಷ್ಟು ಜನರೆದುರು ನನ್ನ ಕೈ ಹಿಡಿದೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಒದೆ ಬಿತ್ತು.

"ನಿನ್ನೆ ಸಂಜೆಯಿಂದ ಅಲ್ಲಾಡಿರಲಿಲ್ಲ ರೀ" ಅಂದಳು. "ಬಯಕೆ ಅಲ್ಲ. ನಾನು ಬೆಚ್ಚಿದ್ರೆ ಇದೂ ಬೆಚ್ಚಿ ಅಲ್ಲಾಡಬಹುದು ಅಂತ ಬಂದೆ. ಎಷ್ಟು ನೋಡಿದ್ರೂ ಹೆದರಿಕೆ ಆಗಲಿಲ್ಲ. ನಕ್ಕ ಮ್ಯಾಲೆ ಒದೀತು."

"ಡಾಕ್ಟ್ರ ಹತ್ರ ಹೋಗಬಾರದಿತ್ತಾ?"

"ಅವರು ಇಲ್ಲ ಅಂದುಬಿಟ್ಟಿದ್ರೆ?"

ಆ ಜಟಕಾದಲ್ಲೇ ಗುಡಿಗೆ ಹೋಗಿ ಹರಿಹರೇಶ್ವರನಿಗೆ ಅಡ್ಡಬಿದ್ದು, ದಾವಣಗೆರೆಗೆ ಬಂದವರೇ ಡಾಕ್ಟರಮ್ಮನ ಮುಂದೆ ನಿಂತೆವು. ಎರಡು ತಿಂಗಳ ಮೇಲೆ ಹುಟ್ಟಿದವಳೇ ನಿನ್ನೆ ಗಾದಿ ಹಾಕಿದ ಮಗಳು. ಗಿರಿಜೆ ಹೋಗಿ ಮೂರು ವರ್ಷವಾಯಿತು. ಗಾದಿ ಅವಳು ಹೊಲಿದದ್ದು.

ಹತ್ತಿ ಇಣುಕಿದ ರಾಕ್ಷಸನ ಕಥೆ ಹೇಳಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಕಟ್ಟೆಯ ಮೇಲಿನ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಿನ್ನೆ ಮಗಳಿಗೆ ಹೇಳಿದೆ. ಸೂಜಿ, ದಾರ ಹಿಡಿದು ಬಂದಿದ್ದವಳು ಗಾದಿಯ ಅಂಚಿನಲ್ಲಿ ಕೂತು, ಇಣುಕಿದ ಹತ್ತಿಯನ್ನು ಬೆರಳಿನಿಂದ ಒಳಗೆ ತಳ್ಳಿದಳು.

"ಹಂಗಾದ್ರೆ ಹಿಂದಿನ ರಾತ್ರಿ ಅಮ್ಮ ಒಬ್ಬಳೇ ಎದ್ದು ಕೂತಿದ್ಲೇನಪ್ಪ? ನೀನು ಎಲ್ಲಿದ್ದಿ?"

"ಪಕ್ಕದಾಗೇ ಮಲಗಿದ್ದೆ" ಅಂದೆ.

ಅವಳು ಸೂಜಿ, ದಾರವನ್ನು ನನ್ನ ಕೈಗಿತ್ತಳು. ದಾರ ಪೋಣಿಸಲು ಹೋದೆ. ಎಷ್ಟು ಸಲ ನೋಡಿದರೂ ಕಣ್ಣು ಮಂಜಾಗಿ, ತೂತು ಸಿಗಲೇ ಇಲ್ಲ.