ಭಾವನ ಅಂಗಿಯ ತುದಿ

ನಮ್ಮ ಭಾವ ಹಕ್ಕಿ ತೋರಿಸುವ ಗೈಡು. ದೂರದಿಂದ ರಜೆ ಹಾಕಿ ಬರುವವರನ್ನು ಬೆಳಗಾಗುತ್ತಲೇ ಕಾಡಿಗೆ ಕರೆದೊಯ್ಯುವುದು ಅವರ ಕೆಲಸ. ವ್ಯಾನು ಓಡಿಸಿ, ಆಮೇಲೆ ದುರ್ಬೀನಿನ ಸ್ಟ್ಯಾಂಡ್ ಹೊತ್ತು ಹಿಂದೆ ನಡೆಯುವುದು ನನ್ನದು. ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಕೂಗು ಕೇಳಿ "ಅಗೋ!" ಅನ್ನುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ ಅಂತ ಎಲ್ಲೆಡೆ ಹೆಸರು. ಹಾಗಂತ ಎಲ್ಲೆಡೆ ಹೇಳಿಕೊಂಡು ಬಂದವರೂ ಭಾವನೇ ಅನ್ನಿ.

ಈಚೆಗೆ ಆ ಕಿವಿ ಕೈಕೊಟ್ಟಿತು. ಮಾತು ಕೇಳುತ್ತದೆ, ಹಾರ್ನ್ ಕೇಳುತ್ತದೆ. ಅಕ್ಕ ಬೈದದ್ದು ಕೇಳುವುದಿಲ್ಲ, ಅದು ಮದುವೆಯಾದಾಗಿನಿಂದ ಇರುವ ಕಾಯಿಲೆ. ಈಗ ಪುಟ್ಟ ಹಕ್ಕಿಗಳ ತೆಳು ದನಿಯೂ ಹೋಯಿತು. ಕೆಲಸ ಕೊಟ್ಟ ಪ್ರವಾಸದ ಕಂಪನಿಗೆ ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಕಾಡಿಲ್ಲದ ಭಾವ ಮನೆಯಲ್ಲಿ ಹೇಗಿರುತ್ತಾರೆಂದು ಒಂದು ಮಳೆಗಾಲವಿಡೀ ಅನುಭವಿಸಿದ್ದ ಅಕ್ಕ, ಚಹಾ ಕೊಡುವ ನೆಪದಲ್ಲಿ ಫ್ಲಾಸ್ಕ್ ಹೆಗಲಿಗೇರಿಸಿ ತಾನೂ ಹೊರಟಳು.

ಅಕ್ಕನಿಗೆ ಹಕ್ಕಿಯೆಂದರೆ ಅಷ್ಟಕ್ಕಷ್ಟೆ. ಕಿವಿ ಮಾತ್ರ ಎಂಥದ್ದೆಂದರೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ಒಳಗೆ ನಾನು ಬಿಸ್ಕತ್ತಿನ ಡಬ್ಬಿ ತೆಗೆದದ್ದು ಗೊತ್ತಾಗುತ್ತದೆ. ಗಂಡಹೆಂಡಿರ ಒಪ್ಪಂದ ಇಷ್ಟೆ: ಹಕ್ಕಿ ಎಡಕ್ಕೆ ಕೂಗಿದರೆ ಅಕ್ಕ ಹಿಂದಿನಿಂದ ಭಾವನ ಅಂಗಿಯ ಎಡತುದಿ ಎಳೆಯಬೇಕು, ಬಲಕ್ಕಾದರೆ ಬಲತುದಿ. ಎಳೆದ ಕೂಡಲೇ ಭಾವ ಕಣ್ಣು ಮುಚ್ಚಿ, ಏನೋ ಸಿದ್ಧಿಸಿದವರಂತೆ ತಲೆದೂಗಿ, "ಎಡಕ್ಕೆ ನೋಡಿ" ಅನ್ನುವರು. ನಾನು ನಗು ಬಂದರೆ ಕೆಮ್ಮುತ್ತಿದ್ದೆ.

ಈ ಸಲದ ತಂಡದಲ್ಲಿ ವಯಸ್ಸಾದ ಹಲ್ಲಿನ ಡಾಕ್ಟರಮ್ಮ ಒಬ್ಬರಿದ್ದರು. ನಮ್ಮ ಕಡೆ ಸೂಜಿಹಕ್ಕಿ ಅನ್ನುವ ಹೆಬ್ಬೆರಳಿನಷ್ಟು ಹಕ್ಕಿಯೊಂದನ್ನು ನೋಡಲೆಂದೇ ಬಂದವರು. ಭಾವನ ಮೇಲೆ ಯಾರೋ ಚಾಡಿ ಹೇಳಿದ್ದರಿಂದ ಕಂಪನಿಯ ಮ್ಯಾನೇಜರೂ ಪರೀಕ್ಷೆ ಮಾಡಲು ಜೊತೆಗೇ ಬಂದಿದ್ದ.

ಸ್ವಲ್ಪ ದೂರ ನಡೆದಿರಲಿಲ್ಲ, ಅಂಗಿಯ ಎಡತುದಿ ಅಲ್ಲಾಡಿತು.

"ಎಡಕ್ಕೆ! ಎಲೆ ಮರೆಯಲ್ಲಿ!" ಎಂದರು ಭಾವ. ಎಲ್ಲರ ದುರ್ಬೀನುಗಳೂ ಎದ್ದವು.

"ಕಂಡ್ತು, ಕಂಡ್ತು! ಎಷ್ಟು ಚೆಂದ ಇದೆ!" ಎಂದ ಮ್ಯಾನೇಜರ್.

ಅಕ್ಕ ಭಾವನ ಕಿವಿಗೆ ಬಾಯಿಟ್ಟು, "ಇರುವೆ ರೀ. ಅಂಗಿ ಮೇಲಿತ್ತು, ತೆಗೆದೆ" ಎಂದಳು. ಭಾವನ ಮುಖ ಹುಳ್ಳಗಾಯಿತು.

ಆಗಲೇ ನಿಜವಾದ ಸೂಜಿಹಕ್ಕಿ ಕೂಗಿತು. ಅಕ್ಕ ಬಲತುದಿ ಎಳೆದಳು. ಭಾವ ಕಂಬದಂತೆ ನಿಂತಿದ್ದರು. ಮತ್ತೆ ಎಳೆದಳು.

"ಬಿಡೇ, ಕಚ್ಚಿದ್ರೆ ಕಚ್ಲಿ" ಎಂದು ಭಾವ ಹಲ್ಲು ಕಡಿದರು.

"ಈ ಸಲ ಇರುವೆ ಅಲ್ಲ ರೀ, ಹಕ್ಕೀನೇ! ಬಲಕ್ಕೆ, ಒಣ ಕೊಂಬೆ ಮೇಲೆ!"

ಎಲ್ಲರಿಗೂ ಕೇಳಿಸಿತು. ಎಲ್ಲರೂ ತಿರುಗಿದರು. ಹಕ್ಕಿ ಅಲ್ಲೇ ಕೂತು, ಗಂಟಲು ಉಬ್ಬಿಸಿ ಹಾಡುತ್ತಿತ್ತು. ಡಾಕ್ಟರಮ್ಮ ದುರ್ಬೀನು ಎತ್ತುವುದನ್ನೇ ಮರೆತು ನೋಡಿದರು. ಅದು ಹಾರಿಹೋದ ಮೇಲೆ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ.

"ಇದು ಯಾರಿಗೆ ಕೇಳಿಸಿದ್ದು?"

ಭಾವ ಏನಾದರೂ ಕಥೆ ಕಟ್ಟಬಹುದಿತ್ತು. ಕಟ್ಟಲಿಲ್ಲ.

"ಇವಳಿಗೆ. ನನಗೆ ಈಗ ಕೇಳ್ಸಲ್ಲ."

ಇಷ್ಟು ದಿನ ಅವರನ್ನು ನೋಡಿ ನಕ್ಕಿದ್ದ ನನಗೆ ಅಳು ಬಂತು. ಮ್ಯಾನೇಜರ್ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಅವನ ಕಡೆ ತಿರುಗಿದರು.

"ಎಡಕ್ಕೆ ಇರುವೆ ನೋಡಿದ್ರಲ್ಲಾ ನೀವು, ಅದರ ಬಣ್ಣ ಯಾವುದು?"

ಅವನು ದುರ್ಬೀನಿನ ಗಾಜು ಒರೆಸತೊಡಗಿದ. "ಮುಂದಿನ ವರ್ಷ ನಮ್ಮನ್ನ ಇವರಿಬ್ರೇ ಕರ್ಕೊಂಡು ಹೋಗ್ಲಿ" ಎಂದರು ಡಾಕ್ಟರಮ್ಮ. ಅವನು ತಲೆಯಾಡಿಸಲೇಬೇಕಾಯಿತು.

ವಾಪಸು ಬರುವಾಗ ಭಾವ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

"ಆ ಹಕ್ಕಿ ಹೇಗೆ ಕೂಗುತ್ತೇ?" ಎಂದು ಅಕ್ಕನನ್ನು ಮೆಲ್ಲಗೆ ಕೇಳಿದರು.

ಅಕ್ಕನದು ದಪ್ಪ ದನಿ. ನಾಚುತ್ತಲೇ ತುಟಿ ಮುಂದೆ ಮಾಡಿ ಕೂಗಿದಳು. ನೀರು ಕುದಿಯುವ ಕೆಟಲಿನ ಸದ್ದಿನಂತಿತ್ತು. ವ್ಯಾನಿನಲ್ಲಿದ್ದವರೆಲ್ಲ ನಕ್ಕರು.

ಭಾವ ನಗಲಿಲ್ಲ. ಅವಳ ಕಡೆ ಸರಿದು ಕೂತು, "ಇನ್ನೊಂದ್ಸಲ ಕೂಗೇ" ಎಂದರು.