ಮುಖ ನೋಡಿ ಇಳಿಸಿದವನು

ಇಪ್ಪತ್ತೆಂಟು ವರ್ಷ ಸಿಟಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಆ ಮನುಷ್ಯನನ್ನು ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಹದ್ದು’ ಎಂದರೆ ಸಾಕು. ಆ ಅಡ್ಡಹೆಸರೆಂದರೆ ಅವನಿಗೆ ಬಿರುದು ಸಿಕ್ಕಷ್ಟು ಹೆಮ್ಮೆ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತಾರಲ್ಲ, ಆ ಹೆಗಲು ನಂಗೆ ಮೆಟ್ಟಿಲಿಂದಲೇ ಕಾಣುತ್ತೆ ಕಣಯ್ಯಾ” ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ ಹೆಂಡತಿ ಮಾತ್ರ, “ತಲೆ ಮೇಲಿರೋ ಕನ್ನಡಕ ಹುಡುಕಿಕೊಡೋಕೆ ನಾನು ಬೇಕು, ಇವರು ಹದ್ದಂತೆ” ಎನ್ನುತ್ತಿದ್ದಳು.

ಅವನ ಕೆಲಸಕ್ಕೊಂದು ಕ್ರಮವಿತ್ತು. ಟಿಕೆಟ್ ಕೇಳಿದಾಗ ತಡವರಿಸಿದವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿಕೊಳ್ಳುವುದು, ಬಸ್ಸನ್ನು ಕಳಿಸಿಬಿಡುವುದು, ಆಮೇಲೆ ಫುಟ್‌ಪಾತಿನ ಮೇಲೆ ಅವರ ಚೀಲ, ಗಂಟು ಬಿಚ್ಚಿಸುವುದು. ಟಿಕೆಟ್ ಸಿಕ್ಕಿದರೆ “ಹೋಗಮ್ಮ, ಹಿಂದೆ ಇನ್ನೊಂದು ಬಸ್ಸು ಬರುತ್ತೆ” ಎಂದರೆ ಮುಗಿಯಿತು. ಅದನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಎದುರುತ್ತರ ಕೊಟ್ಟು ಜಗಳಕ್ಕೆ ನಿಂತವರ ಹೆಸರು, ಫೋನು, ವಿಳಾಸ ಮಾತ್ರ ಪುಸ್ತಕಕ್ಕೆ ಏರುತ್ತಿದ್ದವು, ನಾಳೆ ದೂರು ಗೀರು ಬಂದರೆ ಇರಲಿ ಎಂದು. ಬಸ್ಸು ತಡವಾಗಬಾರದಲ್ಲ! ಇಳಿದವರಿಗೆ ತಡವಾದರೆ ಯಾರಪ್ಪನ ಗಂಟೇನು ಹೋಗುತ್ತದೆ?

ದೂರುಗಳು ಹೆಚ್ಚಾದವು. ತಪಾಸಣೆಯವರಿಗೆಲ್ಲ ತರಬೇತಿ ಕೊಡಿಸಬೇಕೆಂದು ಮೇಲಿನವರು ತೀರ್ಮಾನಿಸಿದರು. ಪಾಠ ಹೇಳಲು ಬಂದವಳು ಅವನ ಮಗಳ ವಯಸ್ಸಿನವಳು.

“ನಮಗೇ ಗೊತ್ತಾಗದ ಹಾಗೆ ಮನಸ್ಸು ಮೊದಲೇ ತೀರ್ಪು ಕೊಟ್ಟಿರುತ್ತೆ ಸರ್.”

“ನನ್ನ ಮನಸ್ಸು ನಂಗೆ ಗೊತ್ತಿಲ್ದೆ ನಿಂಗೆ ಗೊತ್ತೇನಮ್ಮ?” ಎಂದ ಹದ್ದು. ಕೋಣೆಯೆಲ್ಲ ನಕ್ಕಿತು.

ಅವಳು ವಾದಕ್ಕಿಳಿಯಲಿಲ್ಲ. “ಒಂದು ವಾರ ಮುಖ ನೋಡ್ಬೇಡಿ. ಎಣಿಸಿ. ಐದಕ್ಕೊಬ್ಬರ ಹಾಗೆ ಯಾರು ಬರ್ತಾರೋ ಅವರನ್ನೇ ಕೇಳಿ. ಯಾರನ್ನೂ ಇಳಿಸ್ಬೇಡಿ. ಟಿಕೆಟ್ ಹುಡುಕೋಕೆ ಎಲ್ಲರಿಗೂ ಒಂದೇ ಥರ ಟೈಮ್ ಕೊಡಿ” ಎಂದಳು.

ಅವಳ ಮಾತು ಸುಳ್ಳು ಮಾಡಿ ತೋರಿಸುತ್ತೇನೆಂದೇ ಅವನು ಎಣಿಸಿದ. ಆ ವಾರ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಹನ್ನೊಂದು ಜನ. ಅವರಲ್ಲಿ ಎಂಟು ಜನರನ್ನು ಅವನು ಜನ್ಮದಲ್ಲಿ ಕೇಳುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು; ಒಬ್ಬನಂತೂ ವರ್ಷಗಳಿಂದ ಅವನ ಜೊತೆ ಹವಾಮಾನದ ಮಾತಾಡುತ್ತ ಪುಕ್ಕಟೆ ಓಡಾಡಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಇವನಿಗೆ ನಿವೃತ್ತಿಯ ಅಂಚಿನಲ್ಲಿ ತಿಳಿಯಿತು, ಪುಣ್ಯಾತ್ಮನಿಗೆ. ಗಂಟು ಹೊತ್ತ ಹೆಂಗಸರ ಹತ್ತಿರ ಮಾತ್ರ ಟಿಕೆಟ್ ಇದ್ದೇ ಇರುತ್ತಿತ್ತು. ಕಳೆದುಹೋದೀತೆಂದು ಕರವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಚೀಲದ ತಳದಲ್ಲಿ ಇಟ್ಟಿರುತ್ತಿದ್ದರು. ಅದನ್ನು ಬಿಚ್ಚುವುದಕ್ಕೇ ತಡ. ಆ ತಡವನ್ನೇ ಅವನು ಇಷ್ಟು ವರ್ಷ ಕಳ್ಳತನವೆಂದು ಓದಿದ್ದ.

ಮುಂದಿನ ಪಾಠದ ದಿನ ಆಕೆ ಅವನ ಪುಸ್ತಕದಲ್ಲಿದ್ದ ಕೆಲವರಿಗೆ ಫೋನು ಮಾಡಿ ಕೇಳಿಕೊಂಡದ್ದನ್ನು ಓದಿದಳು. ಬಟ್ಟೆ ಒಗೆಯುವ ಕಾರ್ಖಾನೆಯ ಹೆಂಗಸೊಬ್ಬಳು ಹೇಳಿದ್ದು ಇಷ್ಟೇ: ‘ತಡವಾಯ್ತು ಅಂತ ಕೆಲಸ ಹೋಯ್ತು.’ ಅವನಿಗೆ ಆ ಬೆಳಗು ನೆನಪಾಯಿತು. ಟಿಕೆಟ್ ತೋರಿಸಿಯೂ ಅವಳು ಹೋಗದೆ, ಬೀದಿಯೆಲ್ಲ ತಿರುಗಿ ನೋಡುವಂತೆ ಕೂಗಾಡಿದ್ದಳು. ಇವನು ನಗುತ್ತಲೇ ವಿಳಾಸ ಬರೆದುಕೊಂಡಿದ್ದ. ಈಗ ಕೋಣೆಯಲ್ಲಿ ಯಾರೂ ಇವನತ್ತ ನೋಡಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ರಾತ್ರಿ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. ಹೆಂಡತಿ ಎಲ್ಲ ಕೇಳಿಸಿಕೊಂಡಳು. “ಅತ್ತೆನೂ ಗಂಟು ಹೊತ್ತೇ ಬಸ್ಸು ಹತ್ತುತ್ತಿದ್ರು. ಅವರನ್ನೂ ಇಳಿಸ್ತಿದ್ರೇನೋ ನೀವು” ಎಂದಳು. ತಮಾಷೆಗೆ ಹೇಳಿದ್ದಲ್ಲ.

ಮೂರು ದಿನ ಡಿಪೋ ಮ್ಯಾನೇಜರ ಬಾಗಿಲು ಕಾದು, ಕೈಕಾಲು ಹಿಡಿದು, ಅವನು ಒಂದು ಪತ್ರ ಬರೆಸಿಕೊಂಡ. ಆ ತಾರೀಕಿನಂದು ಈಕೆಗೆ ತಡವಾದದ್ದು ನಮ್ಮ ತಪಾಸಣೆಯಿಂದ, ಆಕೆಯ ತಪ್ಪಿಲ್ಲ ಎಂದಿತ್ತು ಅದರಲ್ಲಿ. ಈ ಪತ್ರದಿಂದ ಅವಳಿಗೆ ಕೆಲಸ ಮರಳಿ ಸಿಕ್ಕರೆ ತನ್ನ ಎದೆಯ ಭಾರವೂ ಇಳಿದೀತು ಎಂಬುದೊಂದೇ ಅವನ ಆಸೆ. ವಿಳಾಸ ಹಿಡಿದು ಹೋದ. ಒಂದೇ ಕೋಣೆ, ಮೂಲೆಯಲ್ಲಿ ಸ್ಟೌವು, ಹಗ್ಗದ ಮೇಲೆ ಯಾರದೋ ಮನೆಯ ಬಟ್ಟೆಗಳು. ಅವಳು ಒದ್ದೆ ಕೈ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

“ಇದರಲ್ಲಿ ಒಂದೇ ದಿನ ಇದೆ. ಒಂದು ದಿನಕ್ಕೆ ಯಾರೂ ತೆಗೆಯಲ್ಲ ಸರ್. ಅಲ್ಲಿ ಮೂರು ಸಲ ತಡ ಆದ್ರೆ ಆಚೆಗೆ. ನನ್ನನ್ನ ಮೂರು ಸಲ ಬಸ್ಸಿಂದ ಇಳಿಸಿದ್ರು. ಮೊದಲೆರಡು ಸಲ ಟಿಕೆಟ್ ತೋರಿಸಿ ಬಾಯಿ ಮುಚ್ಕೊಂಡು ಹೋದೆ.”

ಅವನಿಗೆ ಒಳಗೊಳಗೇ ಸಮಾಧಾನವಾಯಿತು, ಸುಳ್ಳೇಕೆ? ಪಾಪದಲ್ಲಿ ಪಾಲುದಾರರಿದ್ದಾರಲ್ಲ!

“ಆ ಎರಡು ಸಲ ಇಳಿಸಿದವರು ಯಾರಮ್ಮ? ಹೇಗಿದ್ರು ಹೇಳಿ. ನಾಳೇನೇ ಅವರನ್ನ ಹಿಡಿದು ಬರೆಸಿಕೊಡ್ತೀನಿ, ಬಿಡಲ್ಲ ನಾನು.”

ಅವಳು ಪತ್ರವನ್ನು ಮಡಿಚಿ ಅವನ ಕೈಗೇ ಕೊಟ್ಟಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

“ಮೂರೂ ಸಲ ನೀವೇ ಸರ್.”