ಹಾವಿನ ಪೆಟ್ಟಿಗೆಗೆ ತಂದ ನಾರಿನ ಪುಡಿ

ನನ್ನ ಗಂಡ ಸಾಕಿದ ಹಾವನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ. ಅದು ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು. ವಿಷವಿಲ್ಲ, ಕಾಗದಪತ್ರವೆಲ್ಲ ಸರಿಯಾಗಿತ್ತು. ಆದರೂ ಬ್ಯಾಡಗಿಯ ನಮ್ಮ ಮನೆಯಲ್ಲಿ ಆ ಗಾಜಿನ ಪೆಟ್ಟಿಗೆ ಇಟ್ಟ ಕೋಣೆಗೆ ನಾನು ಕಾಲಿಡುತ್ತಿದ್ದದ್ದೇ ಅಪರೂಪ. ಅತ್ತೆಯಂತೂ ಬಾಗಿಲನ್ನೇ ಮುಟ್ಟುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹಾವಿನ ಪೊರೆ ಪೂರ್ತಿ ಕಳಚದೆ ತುಂಡುತುಂಡಾಗಿ ಮೈಗೇ ಅಂಟಿಕೊಂಡಿತು. ಕೆಳಗೆ ಹಾಸಿದ ಪೇಪರಿನಲ್ಲಿ ಪೊರೆ ಕಳಚಲು ಬೇಕಾದ ತೇವ ನಿಲ್ಲುತ್ತಿಲ್ಲ ಎಂದು ಗಂಡ ಚಿಂತೆಗೆ ಬಿದ್ದರು. ಮರಳು ಹೊಟ್ಟೆಗೆ ಹೋದರೆ ಕಷ್ಟ, ಕಟ್ಟಿಗೆ ಹೊಟ್ಟಿನ ವಾಸನೆ ಆಗಿಬರುವುದಿಲ್ಲ ಎಂದು ದಿನಾ ಅದೇ ಮಾತು. ಕೊನೆಗೆ ರಾಣೆಬೆನ್ನೂರಿನ ನರ್ಸರಿಯೊಂದರಿಂದ ತೆಂಗಿನ ನಾರಿನ ಪುಡಿ ತಂದು, ನೀರು ಚಿಮುಕಿಸಿ ಹಾಸಿದರು. ಮರುದಿನ ಬೆಳಿಗ್ಗೆ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದರು.

ಮಧ್ಯಾಹ್ನ ಆ ಕೋಣೆಯಿಂದ ಸುಯ್ ಸುಯ್ ಎಂಬ ಸದ್ದು ಕೇಳಿತು. ಇಣುಕಿದರೆ ಹಾವು ತಲೆ ಮೇಲೆತ್ತಿ, ಬಾಯಿ ಅರೆ ತೆರೆದು ಉಸಿರಿಗಾಗಿ ಒದ್ದಾಡುತ್ತಿತ್ತು. ಬಾಯಂಚಿನಲ್ಲಿ ನೊರೆ. ಗಂಡನಿಗೆ ಫೋನ್ ಮಾಡಿದೆ.

“ಬಾಯಿ ತಕ್ಕೊಂಡು ಉಸರ ಬಿಡಾಕತ್ತೇತ್ರಿ. ಲಗೂ ಬರ್ರಿ!”

“ನಾ ಬರೂತನಕ ತಡಿಯಂಗಿಲ್ಲ ಅದು. ಪುಡಿ ಭಾಳ ಹಸಿ ಆಗೇತೇನ ಮುಟ್ಟಿ ನೋಡು.”

ಮುಚ್ಚಳ ಸರಿಸಿ ಮೂಲೆಯಿಂದ ಒಂದು ಚಿಟಿಕೆ ಎತ್ತಿದೆ. ಅಷ್ಟೇನೂ ಹಸಿಯಿರಲಿಲ್ಲ. ಬೆವರು ಒರೆಸಲು ಅದೇ ಕೈ ಹಣೆಗೆ, ಕಣ್ಣಂಚಿಗೆ ಹೋಯಿತು. ಮರುಗಳಿಗೆ ಕಣ್ಣು ಧಗಧಗ ಉರಿಯಿತು. ಹಿತ್ತಲಿಗೆ ಓಡಿ, ಪುಡಿ ತುಂಬಿ ತಂದಿದ್ದ ಚೀಲ ಕೊಡವಿದೆ. ಮೂಲೆಗಳಿಂದ ಮೆಣಸಿನಕಾಯಿ ಬೀಜ ಉದುರಿದವು; ಮೊದಲು ಮೆಣಸಿನಕಾಯಿ ತುಂಬಿದ್ದ ಚೀಲವದು. ಮೆಣಸಿನಕಾಯಿ ಪೇಟೆಯಾದ ನಮ್ಮೂರಿನ ಗಾಳಿಯಲ್ಲೇ ಆ ಘಾಟು ಇರುವುದರಿಂದ ಯಾರ ಮೂಗಿಗೂ ಗೊತ್ತಾಗಿರಲಿಲ್ಲ.

“ಅದನ್ನ ಹೊರಗ ತಗೀ. ತಲಿ ಮುಟ್ಟಬ್ಯಾಡ, ನಡುಮೈ ಹಿಡಿ,” ಎಂದರು ಫೋನಿನಲ್ಲಿ ವಿಷಯ ಕೇಳಿದ ಗಂಡ.

ಹೊಸ್ತಿಲಾಚೆ ನಿಂತ ಅತ್ತೆ ಅಳುವ ದನಿಯಲ್ಲಿ, “ಬ್ಯಾಡವಾ, ಬಿಡು. ನಿನಗ ಕಚ್ಚಿದ್ರ ನಾ ಏನ್ ಮಾಡ್ಲಿ?” ಎಂದರು.

ಕೈ ತೊಳೆದು, ಕಣ್ಣು ಕಿರಿದು ಮಾಡಿಕೊಂಡೇ ಎತ್ತಿದೆ. ಎಣಿಸಿದ್ದಕ್ಕಿಂತ ಭಾರವಿತ್ತು. ಅದು ನನ್ನ ಮಣಿಕಟ್ಟಿಗೆ ಸುತ್ತಿ ಬಿಗಿಯತೊಡಗಿತು. ಅದರ ಮೈ ತೊಳೆಯಲು ಹಾಗೇ ಬಚ್ಚಲಿಗೆ ಹೋಗಿ ಕೂತೆ. ಆಗ ಅತ್ತೆ, ಮುಖ ಅತ್ತ ತಿರುಗಿಸಿಕೊಂಡು, ತಂಬಿಗೆಯಲ್ಲಿ ಉಗುರುಬೆಚ್ಚಗಿನ ನೀರು ತಂದರು.

“ತಲಿ ಮ್ಯಾಲ ಹಾಕಲೇನ?”

“ಬ್ಯಾಡ್ರಿ ಅತ್ತಿ, ಮೈಮ್ಯಾಲ ಅಷ್ಟ.”

ಅವರು ನೋಡದೆಯೇ ಸುರಿದು ಅರ್ಧ ನೀರು ನನ್ನ ಸೀರೆಗೇ ಬಿತ್ತು.

ಗಂಡ ಸಂಜೆ ಬಂದು, ಹಾವೇರಿಯ ದನದ ಡಾಕ್ಟರ ಬಳಿಗೆ ಅದನ್ನು ಒಯ್ದರು. ಅವರೂ ಅಂಜುತ್ತಲೇ ನೋಡಿ ಔಷಧ ಕೊಟ್ಟರು. ಉಸಿರಿನ ಸದ್ದು ಅಡಗಲು ಬಹಳ ದಿನ ಹಿಡಿಯಿತು. ಈಗ ನಾರಿನ ಪುಡಿಯನ್ನು ಪ್ಯಾಕೆಟ್ಟಿನಲ್ಲೇ ಕೊಂಡು, ತೊಳೆದು, ಒಣಗಿಸಿ ಹಾಸುತ್ತೇವೆ. ಹಾವಿನ ಭಯ ನನ್ನನ್ನು ಬಿಟ್ಟಿಲ್ಲ. ಆದರೆ ಗಂಡ ಊರಲ್ಲಿಲ್ಲದ ದಿನ ಆ ಕೋಣೆಗೆ ಹೋಗಿ, ಅದು ಸರಿಯಾಗಿ ಉಸಿರಾಡುತ್ತಿದೆಯೇ ಎಂದು ಗಾಜಿಗೆ ಕಿವಿಯಿಟ್ಟು ಕೇಳುತ್ತೇನೆ.